‘ರೆಡ್ಯೂಸ್’ ಎಂಬ ಪದದ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಪ್ರೀತಿಯಿಂದ ಕೇಳಿದರು. ಶಾಲೆ ಹುಟ್ಟಿದ ಬಗೆ, ಜಾಗ ಕೊಟ್ಟ ಹಿರಿಯರ ಔದಾರ್ಯ, ಕಟ್ಟಡಕ್ಕೆ ಕಲ್ಲು ಮಣ್ಣು ಹೊತ್ತ ಗ್ರಾಮಸ್ಥರ ಶ್ರಮ, ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿ ಬರೆಯುತ್ತಿದ್ದಾರೆ. ನಾನು ಈ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಪಾಠ ಮಾಡಿದವನು. ಹಾಗಾಗಿ ಪಾಠದ ಕೋಣೆಯಲ್ಲಿ ಮತ್ತೆ ಮತ್ತೆ ಎದುರಾದ ಒಂದು ಇಂಗ್ಲಿಷ್ ಪದದ ಚರಿತ್ರೆಯನ್ನು ಬರೆಯಲು ಆರಿಸಿಕೊಂಡಿದ್ದೇನೆ. ರಾಜರಿಗೂ ಊರುಗಳಿಗೂ ಇರುವಂತೆ ಪದಗಳಿಗೂ ಚರಿತ್ರೆ ಇದೆ. ಆ ಪದ ‘ರೆಡ್ಯೂಸ್’. ಅದರ ನಾಮರೂಪ ‘ರಿಡಕ್ಷನ್’.

ಇದರ ಅರ್ಥ ಯಾರಿಗೆ ಗೊತ್ತಿಲ್ಲ? ಬಟ್ಟೆ ಅಂಗಡಿಯ ಮುಂದೆ ‘ರಿಡಕ್ಷನ್ ಸೇಲ್’ ಎಂಬ ಬೋರ್ಡು ಕಂಡರೆ ಓದು ಬಾರದವರಿಗೂ ಬೆಲೆ ಇಳಿದಿದೆ ಎಂದು ತಿಳಿಯುತ್ತದೆ. ‘ಉಪ್ಪು ರೆಡ್ಯೂಸ್ ಮಾಡಿ, ವೆಯ್ಟ್ ರೆಡ್ಯೂಸ್ ಮಾಡಿ’ ಎಂದು ಡಾಕ್ಟರು ಹೇಳುತ್ತಾರೆ. ಎಂಟನೇ ತರಗತಿಯ ಮಗು ಇಂಗ್ಲಿಷ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ‘ರೆಡ್ಯೂಸ್ ಎಂದರೆ ಕಡಿಮೆ ಮಾಡು’ ಎಂದು ಬರೆದು ಬಾಯಿಪಾಠ ಮಾಡುತ್ತದೆ. ಅಲ್ಲಿಗೆ ಆ ಪದದ ಕೆಲಸ ಮುಗಿಯಿತು ಎಂದುಕೊಳ್ಳುತ್ತದೆ.

ತೊಂದರೆ ಶುರುವಾಗುವುದು ಆಮೇಲೆ. ನಮ್ಮ ಮಕ್ಕಳು ಎಸ್‌ಎಸ್‌ಎಲ್‌ಸಿವರೆಗೆ ಕನ್ನಡದಲ್ಲಿ ಗಣಿತ, ವಿಜ್ಞಾನ ಓದಿ, ಪಿಯುಸಿಗೆಂದು ಪೇಟೆಗೆ ಹೋಗಿ, ಒಂದೇ ಏಟಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಹಾಗೆ ಹೋದ ಹುಡುಗಿಯೊಬ್ಬಳು ದಸರಾ ರಜೆಗೆ ಬಂದಾಗ ನನ್ನನ್ನು ಕೇಳಿದಳು: ‘ಸಾರ್, ಎಂಟರಲ್ಲಿ ಆರನ್ನ ರೆಡ್ಯೂಸ್ ಮಾಡಿ ಅಂತಾರೆ. ಮಾಡಿದರೆ ನಾಲ್ಕರಲ್ಲಿ ಮೂರು ಬರುತ್ತೆ. ಎರಡೂ ಮುಕ್ಕಾಲೇ ಅಲ್ವಾ? ಕಡಿಮೆ ಆಗಿದ್ದು ಏನು? ಕೆಮಿಸ್ಟ್ರಿಯಲ್ಲಿ ಎಲೆಕ್ಟ್ರಾನ್ ಸಿಕ್ಕಿದ್ರೆ ರಿಡಕ್ಷನ್ ಅಂತಾರೆ. ಸಿಕ್ಕಿದ್ರೆ ಜಾಸ್ತಿ ಆಗ್ಬೇಕಲ್ವಾ?’

ಪ್ರಶ್ನೆ ಬಹಳ ಒಳ್ಳೆಯದು. ತನಗೆ ಬುದ್ಧಿ ಸಾಲದೆಂದು ಅವಳು ಅಳುಕುತ್ತಿದ್ದಳು. ವಾಸ್ತವದಲ್ಲಿ ಆ ಪದದ ಆರುನೂರು ವರ್ಷದ ಚರಿತ್ರೆಯೇ ಅವಳ ದಾರಿಗೆ ಅಡ್ಡ ನಿಂತಿತ್ತು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಮೂಲದಲ್ಲಿ ಕಡಿತವಿಲ್ಲ

ಇಂಗ್ಲಿಷ್ ಭಾಷೆಗೆ ಈ ಪದ ಬಂದದ್ದು ಲ್ಯಾಟಿನ್‌ನಿಂದ. ಲ್ಯಾಟಿನ್ನಿನಲ್ಲಿ ‘ದೂಕೆರೆ’ ಎಂದರೆ ಮುಂದೆ ನಿಂತು ನಡೆಸು, ಕರೆದೊಯ್ಯು, ಎಳೆ. ‘ರೆ’ ಎಂದರೆ ಹಿಂದಕ್ಕೆ, ಮರಳಿ. ಎರಡೂ ಸೇರಿದ ‘ರೆದೂಕೆರೆ’ ಎಂದರೆ ಮರಳಿ ಕರೆತರು. ಮಂದೆ ತಪ್ಪಿಸಿಕೊಂಡ ಕರುವನ್ನು ಹುಡುಕಿ ಕೊಟ್ಟಿಗೆಗೆ ಹೊಡೆದುಕೊಂಡು ಬಂದರೆ ಅದು ‘ರೆದೂಕೆರೆ’. ಇದರಲ್ಲಿ ಕಡಿಮೆಯಾಗುವ ಮಾತೇ ಇಲ್ಲ.

ಈ ‘ದೂಕೆರೆ’ಯ ಬಳಗ ಬಹಳ ದೊಡ್ಡದು. ಬಸ್ಸಿನ ಕಂಡಕ್ಟರ್, ಸಿನಿಮಾದ ಪ್ರೊಡ್ಯೂಸರ್, ಪುಸ್ತಕದ ಇಂಟ್ರೊಡಕ್ಷನ್, ಸಂಬಳದ ಚೀಟಿಯಲ್ಲಿ ಕಾಣುವ ಡಿಡಕ್ಷನ್, ಇಂಗ್ಲೆಂಡಿನ ಡ್ಯೂಕ್, ಎಲ್ಲರೂ ಈ ಒಂದೇ ಮನೆತನದವರು. ‘ಎಜುಕೇಶನ್’ ಕೂಡ ಅದೇ ಬಳಗದ್ದು. ಇನ್ನೂ ಹಿಂದಕ್ಕೆ ಹೋದರೆ ಕೆಟ್ಟುನಿಂತ ಕಾರನ್ನು ಎಳೆದೊಯ್ಯುವುದಕ್ಕೆ ಹೇಳುವ ‘ಟೋ’, ಆಟದ ‘ಟೀಮ್’ ಇವುಗಳೂ ದೂರದ ದಾಯಾದಿಗಳು. ಹಿಂದೆ ‘ಟೀಮ್’ ಎಂದರೆ ಒಂದೇ ಗಾಡಿಗೋ ನೇಗಿಲಿಗೋ ಹೂಡಿದ ಎತ್ತುಗಳ ಸಾಲು ಎಂಬ ಅರ್ಥವೂ ಇತ್ತು. ಕ್ರಿಕೆಟ್ ಟೀಮು ಕಟ್ಟುವ ನಮ್ಮೂರ ಹುಡುಗರಿಗೆ ಇದು ಗೊತ್ತಿರಲಿ.

‘ರೆಡ್ಯೂಸ್’ ಇಂಗ್ಲಿಷಿನ ಬರಹಗಳಲ್ಲಿ ಕಾಣಿಸಿಕೊಂಡದ್ದು 14ನೇ ಶತಮಾನದ ಕೊನೆಯ ಹೊತ್ತಿಗೆ. ಆಗ ಅದರ ಅರ್ಥ ಲ್ಯಾಟಿನ್ನಿನಲ್ಲಿದ್ದಂತೆಯೇ ಇತ್ತು. ದಾರಿ ತಪ್ಪಿದವನನ್ನು ಸರಿದಾರಿಗೆ ತರುವುದು, ಮರೆತದ್ದನ್ನು ನೆನಪಿಗೆ ತರುವುದು, ಕೆಟ್ಟುಹೋದ ವ್ಯವಸ್ಥೆಯನ್ನು ಮತ್ತೆ ಹದಕ್ಕೆ ತರುವುದು. ‘ಕಡಿಮೆ ಮಾಡು’ ಎಂಬ ಇಂದಿನ ಅರ್ಥ ಬಳಕೆಯಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 18ನೇ ಶತಮಾನದಲ್ಲಿ. ಅಂದರೆ ನಾವು ಮೊದಲನೆಯದೆಂದು ಕಲಿಯುವ ಅರ್ಥ ಚರಿತ್ರೆಯಲ್ಲಿ ತೀರಾ ಕೊನೆಗೆ ಬಂದದ್ದು.

ಮೂಳೆ ಕೂರಿಸುವವರ ಪದ

ಹಳೆಯ ಅರ್ಥ ಇವತ್ತಿಗೂ ಜೀವಂತವಾಗಿ ಉಳಿದಿರುವ ಒಂದು ಜಾಗ ಆಸ್ಪತ್ರೆ. ನಮ್ಮೂರಿನ ರೈತರೊಬ್ಬರು ಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಡಿಸ್ಚಾರ್ಜ್ ಚೀಟಿಯನ್ನು ನನಗೆ ತೋರಿಸಿದರು. ಅದರಲ್ಲಿ ‘ಓಪನ್ ರಿಡಕ್ಷನ್ ಅಂಡ್ ಇಂಟರ್ನಲ್ ಫಿಕ್ಸೇಷನ್’ ಎಂದಿತ್ತು. ಕಾಲೇಜು ಓದುವ ಅವರ ಮಗ ಅದನ್ನು ಓದಿ ‘ಅಪ್ಪಾ, ಮೂಳೆ ಕಡಿಮೆ ಮಾಡಿದ್ದಾರೆ’ ಎಂದುಬಿಟ್ಟಿದ್ದ. ಕಾಲು ಗಿಡ್ಡವಾಯಿತೇನೋ ಎಂದು ಆ ಹಿರಿಯರು ಎರಡು ರಾತ್ರಿ ನಿದ್ದೆಗೆಟ್ಟಿದ್ದರು.

ವೈದ್ಯರ ಭಾಷೆಯಲ್ಲಿ ರಿಡಕ್ಷನ್ ಎಂದರೆ ಜಾಗ ಬಿಟ್ಟು ಸರಿದ ಮೂಳೆಯನ್ನು ಮರಳಿ ಅದರ ಜಾಗಕ್ಕೆ ತಂದು ಕೂರಿಸುವುದು. ಕೊಯ್ದು ಕೂರಿಸಿದರೆ ಓಪನ್, ಕೊಯ್ಯದೆ ಹೊರಗಿನಿಂದಲೇ ಎಳೆದು ಕೂರಿಸಿದರೆ ಕ್ಲೋಸ್ಡ್. ಆಮೇಲೆ ಒಳಗೆ ಪ್ಲೇಟು, ಸ್ಕ್ರೂ ಹಾಕಿ ಅಲುಗದಂತೆ ಬಿಗಿಯುವುದು ಇಂಟರ್ನಲ್ ಫಿಕ್ಸೇಷನ್. ಭುಜದ ಕೀಲು ತಪ್ಪಿದಾಗ ನಮ್ಮ ನಾಟಿ ವೈದ್ಯರು ಕೈ ಎಳೆದು ‘ಕಟಕ್’ ಎನ್ನಿಸಿ ಕೂರಿಸುತ್ತಾರಲ್ಲ, ಅದೂ ರಿಡಕ್ಷನ್ನೇ. ಅದರಲ್ಲಿ ಕಡಿಮೆಯಾಗುವುದು ನೋವು ಮಾತ್ರ.

ಇಲ್ಲಿ ಇನ್ನೊಂದು ಸ್ವಾರಸ್ಯವನ್ನು ಹೇಳಲೇಬೇಕು. ‘ಆಲ್ಜೀಬ್ರಾ’ ಎಂಬ ಪದವೂ ಇಂಥದ್ದೇ. ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿ ಎಂಬ ಗಣಿತಜ್ಞ ಸುಮಾರು 820ರಲ್ಲಿ ಬರೆದ ಗ್ರಂಥದ ಹೆಸರಿನಲ್ಲಿ ‘ಅಲ್-ಜಬ್ರ್’ ಎಂಬ ಅರಬ್ಬಿ ಪದ ಬರುತ್ತದೆ. ಮುರಿದದ್ದನ್ನು ಮತ್ತೆ ಕೂಡಿಸುವುದು ಎಂದು ಅದರ ಅರ್ಥ. ಮೂಳೆ ಕೂಡಿಸುವುದಕ್ಕೂ ಅದೇ ಮಾತು. ಸ್ಪ್ಯಾನಿಷ್ ಭಾಷೆಯಲ್ಲಿ ಮೂಳೆ ಕೂರಿಸುವವನನ್ನು ‘ಅಲ್ಗೆಬ್ರಿಸ್ತಾ’ ಎನ್ನುತ್ತಿದ್ದರು. 1615ರಲ್ಲಿ ಬಂದ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ ಎರಡನೇ ಭಾಗದಲ್ಲಿ ಅಂಥ ಒಬ್ಬ ಅಲ್ಗೆಬ್ರಿಸ್ತಾ ಬರುತ್ತಾನೆ. ಗಣಿತ ಮತ್ತು ಮೂಳೆ ವೈದ್ಯ ಎರಡೂ ಕಡೆ, ಲ್ಯಾಟಿನ್ನಿನಲ್ಲೂ ಅರಬ್ಬಿಯಲ್ಲೂ, ಜನ ಒಂದೇ ರೀತಿಯಲ್ಲಿ ಯೋಚಿಸಿದ್ದಾರೆ. ಚೆದುರಿದ್ದನ್ನು ಸ್ವಸ್ಥಾನಕ್ಕೆ ತರುವುದೇ ಆ ಯೋಚನೆ.

ಲೆಕ್ಕದ ರಿಡಕ್ಷನ್

ಗಣಿತಕ್ಕೆ ಈ ಪದ ಬಂದದ್ದು ಹಾಗೆಯೇ. ಸಮ ಚಿಹ್ನೆಯನ್ನು 1557ರಲ್ಲಿ ಮೊದಲು ಅಚ್ಚಿನಲ್ಲಿ ಬಳಸಿದ ರಾಬರ್ಟ್ ರೆಕಾರ್ಡ್ ಎಂಬಾತ ಅದಕ್ಕೂ ಮುಂಚೆ, 1543ರಲ್ಲಿ, ಇಂಗ್ಲಿಷಿನಲ್ಲಿ ಒಂದು ಅಂಕಗಣಿತದ ಪುಸ್ತಕ ಅಚ್ಚು ಹಾಕಿಸಿದ್ದ. ಅದರಲ್ಲಿ ಕೂಡು, ಕಳೆ, ಗುಣಿಸು, ಭಾಗಿಸು ಆದ ಮೇಲೆ ‘ರಿಡಕ್ಷನ್’ ಎಂಬುದೇ ಒಂದು ಪಾಠ. ಹಣವನ್ನಾಗಲಿ ತೂಕವನ್ನಾಗಲಿ ಒಂದು ಮಾನದಿಂದ ಇನ್ನೊಂದು ಮಾನಕ್ಕೆ ತರುವುದು ಎಂದು ಅದರ ಅರ್ಥ.

ನಮ್ಮ ದೇಶದಲ್ಲಿ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವ ಮೊದಲು ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. ಆ ಕಾಲದ ಇಂಗ್ಲಿಷ್ ಲೆಕ್ಕದ ಪುಸ್ತಕಗಳಲ್ಲಿ ‘5 ರೂಪಾಯಿ 4 ಆಣೆಯನ್ನು ಪೈಗಳಿಗೆ ರೆಡ್ಯೂಸ್ ಮಾಡು’ ಎಂಬಂಥ ಲೆಕ್ಕಗಳಿರುತ್ತಿದ್ದವು. ಉತ್ತರ 1008 ಪೈ. ಐದು ಇದ್ದದ್ದು ಸಾವಿರದ ಎಂಟಾದರೂ ಅದು ರಿಡಕ್ಷನ್ನೇ!

ನಮ್ಮ ಕನ್ನಡದ ಒಂದು ಮಾತನ್ನು ನೆನೆದರೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ‘ಐನೂರರ ನೋಟು ಮುರಿಸಿಕೊಂಡು ಬಾ’ ಎಂದು ಮಗನನ್ನು ಅಂಗಡಿಗೆ ಕಳಿಸುತ್ತೇವೆ. ಮುರಿಸಿದ ಮೇಲೆ ನೋಟುಗಳ ಸಂಖ್ಯೆ ಹೆಚ್ಚುತ್ತದೆ, ಮೌಲ್ಯ ಇದ್ದಷ್ಟೇ ಇರುತ್ತದೆ. ಅದೇ ‘ಮುರಿ’ಯನ್ನು ‘ಸಂಬಳದಲ್ಲಿ ಸಾಲದ ಕಂತು ಮುರಿದುಕೊಂಡರು’ ಎನ್ನುವಾಗ ಕಡಿತದ ಅರ್ಥದಲ್ಲಿ ಬಳಸುತ್ತೇವೆ. ಎರಡು ‘ಮುರಿ’ಗಳ ವ್ಯತ್ಯಾಸ ನಮ್ಮ ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ.

ಆ ಹುಡುಗಿಗೆ ನಾನು ಹೇಳಿದ್ದೂ ಇದನ್ನೇ. ಎಂಟರಲ್ಲಿ ಆರು ಎಂದರೆ ಚಿಲ್ಲರೆ ಇದ್ದ ಹಾಗೆ, ನಾಲ್ಕರಲ್ಲಿ ಮೂರು ಎಂದರೆ ಆ ಚಿಲ್ಲರೆ ಕೊಟ್ಟು ತೆಗೆದುಕೊಂಡ ನೋಟಿದ್ದ ಹಾಗೆ. ಭಿನ್ನರಾಶಿಯನ್ನು ಅದರ ಸರಳ ರೂಪಕ್ಕೆ ತಂದದ್ದಾಯಿತು. ಅಂಕೆಗಳು ಚಿಕ್ಕವಾದವು, ಮುಕ್ಕಾಲು ಮುಕ್ಕಾಲಾಗಿಯೇ ಉಳಿಯಿತು. ಹತ್ತನೇ ತರಗತಿಯಲ್ಲಿ ಎರಡರ ವರ್ಗಮೂಲ ಅಭಾಗಲಬ್ಧ ಎಂದು ಸಾಧಿಸುವಾಗ, ಮೊದಲು ಭಾಗಲಬ್ಧ ಎಂದು ಊಹಿಸಿಕೊಂಡು ಕೊನೆಗೆ ವೈರುಧ್ಯ ಬರುವುದನ್ನು ತೋರಿಸುತ್ತೇವಲ್ಲ, ಆ ವಿಧಾನದ ಲ್ಯಾಟಿನ್ ಹೆಸರಿನಲ್ಲೂ ‘ರಿಡಕ್ಷನ್’ ಇದೆ: ‘ರಿಡಕ್ಷಿಯೊ ಆಡ್ ಅಬ್ಸರ್ಡಮ್’. ವಾದವನ್ನು ಅಸಂಬದ್ಧತೆಯ ಬಾಗಿಲಿಗೆ ತಂದು ನಿಲ್ಲಿಸುವುದು ಎಂದರ್ಥ.

ಅದಿರು ಮತ್ತು ಕಬ್ಬಿಣ

ಇನ್ನು ರಸಾಯನಶಾಸ್ತ್ರ. ಕಬ್ಬಿಣ ನೆಲದಲ್ಲಿ ಕಬ್ಬಿಣವಾಗಿ ಸಿಗುವುದು ಅಪರೂಪ. ಆಕ್ಸಿಜನ್ ಜೊತೆ ಕೂಡಿಕೊಂಡು ಕೆಂಪು ಕಲ್ಲಾಗಿ ಸಿಗುತ್ತದೆ. ಆ ಕಲ್ಲನ್ನು ಇದ್ದಿಲಿನೊಂದಿಗೆ ಕಾಸಿದರೆ ಲೋಹ ಹೊರಬರುತ್ತದೆ. ಕಾಯಿಸಿ ಸುಟ್ಟ ಲೋಹ ಬೂದಿಯಂಥ ಪುಡಿಯಾಗುತ್ತದೆ, ಆ ಪುಡಿಯನ್ನು ಇದ್ದಿಲಿನೊಂದಿಗೆ ಕಾಸಿದರೆ ಮತ್ತೆ ಹೊಳೆಯುವ ಲೋಹವಾಗುತ್ತದೆ ಎಂಬುದನ್ನು ಹಿಂದಿನವರೂ ಬಲ್ಲರು. ಲೋಹವನ್ನು ಅದರ ಲೋಹತ್ವಕ್ಕೆ ಮರಳಿ ತಂದದ್ದರಿಂದ ಯುರೋಪಿನವರು ಅದನ್ನು ರಿಡಕ್ಷನ್ ಎಂದರು. ಇಲ್ಲಿಯೂ ಮೂಲ ಅರ್ಥ ಮರಳಿ ತರುವುದೇ.

ಆಕ್ಸಿಜನ್ ಎಂಬ ಹೆಸರಿಟ್ಟ ಫ್ರಾನ್ಸಿನ ಲವಾಸಿಯೆ 18ನೇ ಶತಮಾನದ ಕೊನೆಯ ಭಾಗದಲ್ಲಿ ತಕ್ಕಡಿ ಹಿಡಿದು ಇದನ್ನು ತೂಗಿ ನೋಡಿದ. ಲೋಹ ಸುಟ್ಟಾಗ ಗಾಳಿಯಿಂದ ಆಕ್ಸಿಜನ್ ಹೀರಿ ಭಾರವಾಗುತ್ತದೆ. ಮರಳಿ ಲೋಹವಾದಾಗ ಅಷ್ಟೇ ಆಕ್ಸಿಜನ್ ಬಿಟ್ಟು ಹಗುರವಾಗುತ್ತದೆ. ಶುದ್ಧ ಹೆಮಟೈಟ್ 160 ಕಿಲೋ ಇದ್ದರೆ ಅದರಿಂದ ಸಿಗುವ ಕಬ್ಬಿಣ 112 ಕಿಲೋ, ಉಳಿದ 48 ಕಿಲೋ ಆಕ್ಸಿಜನ್. ಹಾಗಾಗಿ ಆಕ್ಸಿಜನ್ ಕಳೆದುಕೊಳ್ಳುವುದೇ ರಿಡಕ್ಷನ್ ಎಂಬ ವ್ಯಾಖ್ಯೆ ಬಂತು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ ವಿಜ್ಞಾನಿಗಳು ಇನ್ನೂ ಆಳಕ್ಕೆ ಹೋದರು. ಆಕ್ಸಿಜನ್ ಬಿಟ್ಟು ಹೋಗುವಾಗ ಲೋಹಕ್ಕೆ ಎಲೆಕ್ಟ್ರಾನುಗಳು ಮರಳಿ ದಕ್ಕುತ್ತವೆ. ಆದ್ದರಿಂದ ಎಲೆಕ್ಟ್ರಾನ್ ಪಡೆಯುವುದೇ ರಿಡಕ್ಷನ್ ಎಂದು ವ್ಯಾಖ್ಯೆ ಹಿಗ್ಗಿತು. ‘ಸಿಕ್ಕಿದರೆ ರಿಡಕ್ಷನ್ ಹೇಗೆ?’ ಎಂಬ ಪ್ರಶ್ನೆಗೆ ಉತ್ತರ ಇದು. ಕಳೆದುಕೊಂಡಿದ್ದ ಎಲೆಕ್ಟ್ರಾನ್ ಮರಳಿ ಬಂತು, ಲೋಹ ಮರಳಿ ಲೋಹವಾಯಿತು.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಬಹಳ ಪ್ರಾಚೀನ ಕಬ್ಬಿಣದ ವಸ್ತುಗಳು ದೊರೆತಿವೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಜನ ತಿದಿಯೊತ್ತಿ ಇದ್ದಿಲ ಬೆಂಕಿಯಲ್ಲಿ ಕಬ್ಬಿಣ ತೆಗೆಯುತ್ತಿದ್ದುದನ್ನು ವಿವರವಾಗಿ ಬರೆದಿದ್ದಾನೆ. ಮುಂದೆ ವಿಶ್ವೇಶ್ವರಯ್ಯನವರ ಪ್ರಯತ್ನದ ಫಲವಾಗಿ ಭದ್ರಾವತಿಯಲ್ಲಿ ಎದ್ದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಬಂದದ್ದು ಮಲೆನಾಡಿನ ಕಾಡಿನಿಂದ. ಕೆಮ್ಮಣ್ಣುಗುಂಡಿ ಎಂಬ ಹೆಸರಿನಲ್ಲೇ ಆಕ್ಸಿಜನ್ ಜೊತೆ ಕೂಡಿದ ಕಬ್ಬಿಣದ ಕೆಂಪು ಇದೆ.

ನಮ್ಮ ಪಠ್ಯಪುಸ್ತಕದಲ್ಲಿ ರಿಡಕ್ಷನ್ನಿಗೆ ‘ಅಪಕರ್ಷಣ’ ಎಂಬ ಪದವಿದೆ. ಕಠಿಣ ಸಂಸ್ಕೃತ ಎಂದು ಮಕ್ಕಳು ಹೆದರುತ್ತಾರೆ. ಆದರೆ ಅದರೊಳಗಿರುವ ‘ಕೃಷ್’ ಧಾತುವಿಗೆ ಎಳೆ, ಉಳು ಎಂದು ಅರ್ಥ. ಕೃಷಿ, ಆಕರ್ಷಣೆ ಎರಡೂ ಅದರಿಂದಲೇ ಬಂದವು. ಅಪಕರ್ಷಣ ಎಂದರೆ ಎಳೆದು ತೆಗೆಯುವುದು. ಲ್ಯಾಟಿನ್ನಿನ ‘ದೂಕೆರೆ’ಗೂ ಎಳೆ ಎಂಬ ಅರ್ಥವಿದೆಯೆಂದು ಮೇಲೆ ಹೇಳಿದೆ. ಬೇಸಾಯಗಾರರ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪದ ಬೇಕೆ?

ಅರ್ಥ ಕೆಳಗಿಳಿದದ್ದು ಹೇಗೆ?

ಮರಳಿ ತರುವ ಈ ಒಳ್ಳೆಯ ಪದಕ್ಕೆ ತಗ್ಗಿಸುವ ಅರ್ಥ ಎಲ್ಲಿಂದ ಅಂಟಿತು? ಇದರಲ್ಲಿ ಯುದ್ಧ ಮತ್ತು ಆಳ್ವಿಕೆಯ ಪಾಲು ದೊಡ್ಡದು. ದಂಗೆಯೆದ್ದವರನ್ನು ವಿಧೇಯತೆಗೆ ಮರಳಿ ತರುವುದನ್ನೂ ರೆಡ್ಯೂಸ್ ಎನ್ನುತ್ತಿದ್ದರು. ಕ್ರಮೇಣ ಯಾರನ್ನೇ ಗೆದ್ದು ಅಧೀನ ಮಾಡಿಕೊಂಡರೂ ಅದೇ ಮಾತಾಯಿತು.

ದಕ್ಷಿಣ ಅಮೆರಿಕದಲ್ಲಿ ಸ್ಪೇನಿನವರು ಇದನ್ನು ಊರುಗಳ ಹೆಸರನ್ನಾಗಿಯೇ ಮಾಡಿದರು. ಪೆರುವಿನ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ 1570ರ ದಶಕದಲ್ಲಿ ಅಲ್ಲಿಯ ಮೂಲನಿವಾಸಿಗಳನ್ನು ಹತ್ತು ಲಕ್ಷಕ್ಕೂ ಮೀರಿದ ಸಂಖ್ಯೆಯಲ್ಲಿ ಅವರ ಚದುರಿದ ಹಳ್ಳಿಗಳಿಂದ ಎಬ್ಬಿಸಿ ಹೊಸದಾಗಿ ಕಟ್ಟಿದ ಊರುಗಳಲ್ಲಿ ನೆಲೆಗೊಳಿಸಿದ. ಆ ಊರುಗಳ ಹೆಸರು ‘ರೆದೂಕ್ಸಿಯೋನ್’. ತೆರಿಗೆ ವಸೂಲಿಗೂ, ಬಿಟ್ಟಿ ದುಡಿಮೆಗೂ, ಮತಬೋಧನೆಗೂ ಜನ ಒಂದೆಡೆ ಸಿಕ್ಕರೆ ಅನುಕೂಲ ಎಂಬುದು ಲೆಕ್ಕಾಚಾರ. ಪರಾಗ್ವೆ ಸೀಮೆಯಲ್ಲಿ 1609ರಿಂದ ಜೆಸ್ವಿಟ್ ಪಾದ್ರಿಗಳೂ ಗ್ವಾರಾನಿ ಜನರಿಗಾಗಿ ಇದೇ ಹೆಸರಿನ ಊರುಗಳನ್ನು ಕಟ್ಟಿದರು. ಅವು ಗುಲಾಮರ ಬೇಟೆಗಾರರಿಂದ ಜನರಿಗೆ ಆಸರೆಯನ್ನೂ ಕೊಟ್ಟವು. 1767ರಲ್ಲಿ ಸ್ಪೇನಿನ ದೊರೆ ಜೆಸ್ವಿಟರನ್ನು ಹೊರಹಾಕಿದ ಮೇಲೆ ಆ ಊರುಗಳು ಕ್ಷೀಣಿಸಿದವು. ಕಾಡಿನ ಜನರನ್ನು ‘ನಾಗರಿಕತೆಗೆ ಮರಳಿ ತರುವುದು’ ಎಂಬ ಮಾತಿನೊಳಗೆ ಒಂದು ಅಹಂಕಾರ ಅಡಗಿದೆ. ಅವರದೇ ಆದ ಬದುಕು ಅವರಿಗಿರಲಿಲ್ಲವೆ?

ನಮ್ಮ ನಾಡಿಗೂ ಈ ಪದ ತೋಪಿನ ಜೊತೆ ಬಂತು. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆ 1791ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆಯನ್ನೂ, ಅಕ್ಟೋಬರಿನಲ್ಲಿ ನಂದಿದುರ್ಗವನ್ನೂ, ಡಿಸೆಂಬರಿನಲ್ಲಿ ಸಾವನದುರ್ಗವನ್ನೂ ಹಿಡಿಯಿತು. ಅಂದಿನ ಇಂಗ್ಲಿಷ್ ಬರಹಗಳಲ್ಲಿ ಕೋಟೆಯೊಂದನ್ನು ಹೀಗೆ ಹಿಡಿಯುವುದಕ್ಕೆ ‘ರಿಡಕ್ಷನ್’ ಎನ್ನುತ್ತಿದ್ದರು. ಇಂದು ನಂದಿಬೆಟ್ಟಕ್ಕೆ ಪ್ರವಾಸ ಹೋಗುವ ನಮ್ಮ ಮಕ್ಕಳು ಆ ಹಳೆಯ ಪುಸ್ತಕ ತೆರೆದರೆ ಬೆಟ್ಟವನ್ನು ಕಡಿಮೆ ಮಾಡಿದರೆಂದು ಓದಿಕೊಂಡಾರು.

ಸೋತವನ ಸ್ಥಿತಿ ಇಳಿಯುತ್ತದೆ. ಆದ್ದರಿಂದ ‘ಬಡತನಕ್ಕೆ ರೆಡ್ಯೂಸ್ ಆದರು’, ‘ಬೂದಿಗೆ ರೆಡ್ಯೂಸ್ ಆಯಿತು’ ಎಂಬ ಬಳಕೆಗಳು ಬೆಳೆದವು. ಸೈನ್ಯದಲ್ಲಿ ತಪ್ಪು ಮಾಡಿದ ಹವಾಲ್ದಾರನನ್ನು ಸಿಪಾಯಿಯ ದರ್ಜೆಗೆ ಇಳಿಸುವುದಕ್ಕೂ ಅದೇ ಪದ. ಮೊದಲು ‘ಮರಳಿ ತಂದರು’, ಆಮೇಲೆ ‘ಕೆಳಗೆ ತಂದರು’. ಸ್ಥಿತಿ ಇಳಿದ ಮೇಲೆ ಅಳತೆ, ಬೆಲೆ, ತೂಕ ಇಳಿಯುವುದಕ್ಕೂ ಅದೇ ಮಾತು ಒದಗಿತು. ಹೀಗೆ ಹೆಜ್ಜೆ ಹೆಜ್ಜೆಯಾಗಿ ಇಳಿದ ಪದವೇ ಇಂದು ಬಟ್ಟೆ ಅಂಗಡಿಯ ಬೋರ್ಡಿನಲ್ಲಿ ತೂಗುತ್ತಿರುವುದು.

ನಮ್ಮ ಬಳಿ ಎಷ್ಟೊಂದು ಮಾತು

ಇಂಗ್ಲಿಷ್ ಒಂದೇ ಪದದಲ್ಲಿ ಹೇಳುವುದಕ್ಕೆ ಕನ್ನಡದಲ್ಲಿ ಎಷ್ಟು ಪದಗಳಿವೆ ನೋಡಿ. ಜ್ವರ ಇಳಿಯುತ್ತದೆ, ಬಾವಿ ಬತ್ತುತ್ತದೆ, ಚಪ್ಪಲಿ ಸವೆಯುತ್ತದೆ, ಮಗು ಸೊರಗುತ್ತದೆ, ಕೂಡಿಟ್ಟ ಗಂಟು ಕರಗುತ್ತದೆ, ಬೆಲೆ ತಗ್ಗುತ್ತದೆ, ಮನಸ್ಸು ಕುಗ್ಗುತ್ತದೆ. ಅಡುಗೆಯ ಇಂಗ್ಲಿಷಿನಲ್ಲಿ ‘ರೆಡ್ಯೂಸ್’ ಎಂದರೆ ಬತ್ತಿಸುವುದು. ಅಜ್ಜಿ ನಾಲ್ಕು ಲೋಟ ನೀರಿನ ಕಷಾಯವನ್ನು ಒಂದು ಲೋಟಕ್ಕೆ ಬತ್ತಿಸಿದಾಗ ನೀರು ಕಡಿಮೆಯಾಗಿ ಕಸುವು ಹೆಚ್ಚುತ್ತದೆ. ಇನ್ನು ಕಡಿಮೆ ಎಂಬ ಮಾತನ್ನೇ ಆಡಬಾರದ ಕಡೆ ನಮ್ಮ ಹೆಣ್ಣುಮಕ್ಕಳು ಅದನ್ನು ತಿರುಗಿಸಿಯೇ ಹೇಳುತ್ತಾರೆ. ಬಳೆ ಒಡೆಯಿತು ಎನ್ನದೆ ‘ಬಳೆ ಹೆಚ್ಚಿತು’ ಎನ್ನುತ್ತಾರೆ. ದೀಪ ಆರಿಸು ಎನ್ನದೆ ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಇಷ್ಟು ಸೂಕ್ಷ್ಮವಾದ ಭಾಷೆಯನ್ನು ಮನೆಯಿಂದಲೇ ಕಲಿತು ಬಂದ ಮಗುವಿಗೆ ಇಂಗ್ಲಿಷಿನ ಒಂದು ಪದದ ನಾಲ್ಕು ಅರ್ಥಗಳು ಭಾರವಾಗಬೇಕಿಲ್ಲ. ಭಾರವಾಗುವುದು ಒಂದೇ ಅರ್ಥವನ್ನು ಉರು ಹೊಡೆಸಿದಾಗ.

ಈ ಶಾಲೆಯಲ್ಲಿ ಈಗ ಪಾಠ ಮಾಡುತ್ತಿರುವ ಕಿರಿಯ ಮಿತ್ರರಲ್ಲಿ ನನ್ನದೊಂದು ವಿನಂತಿ. ಗಣಿತ, ವಿಜ್ಞಾನ, ಇಂಗ್ಲಿಷ್ ಪಾಠ ಮಾಡುವ ಮೂವರೂ ವಾರಕ್ಕೊಮ್ಮೆ ಹತ್ತು ನಿಮಿಷ ಕೂತು, ಮೂರೂ ಪಾಠಗಳಲ್ಲಿ ಬರುವ ಇಂಥ ಒಂದೊಂದು ಪದವನ್ನು ಆರಿಸಿ ಮಕ್ಕಳಿಗೆ ಅದರ ಕಥೆ ಹೇಳಿ. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಅಂಥ ಐವತ್ತು ಪದಗಳಾದರೂ ಅವರ ಕೈಯಲ್ಲಿದ್ದರೆ ಪಿಯುಸಿಯ ಮೊದಲ ಆರು ತಿಂಗಳು ಅವರು ಕಂಗಾಲಾಗುವುದಿಲ್ಲ. ನಮ್ಮ ಹಳ್ಳಿಯ ಮಕ್ಕಳು ವಿಜ್ಞಾನ ಬಿಟ್ಟು ಬರುವುದು ಬುದ್ಧಿ ಸಾಲದೆ ಅಲ್ಲ, ಇಂಥ ಸಣ್ಣ ಸಣ್ಣ ಪದಗಳು ಕಾಲಿಗೆ ತೊಡರಿ ಎಂಬುದನ್ನು ಇಷ್ಟು ವರ್ಷ ಹತ್ತಿರದಿಂದ ನೋಡಿದ್ದೇನೆ. ಹಳೆಯ ವಿದ್ಯಾರ್ಥಿಗಳ ಸಂಘದವರು ಮನಸ್ಸು ಮಾಡಿದರೆ ಗ್ರಂಥಾಲಯಕ್ಕೆ ಪದಗಳ ಮೂಲ ತಿಳಿಸುವ ಒಂದೆರಡು ಒಳ್ಳೆಯ ನಿಘಂಟುಗಳನ್ನು ತರಿಸಿಕೊಡಬಹುದು. ಸನ್ಮಾನದ ಶಾಲು, ಹಾರಗಳ ಖರ್ಚಿನಲ್ಲಿ ಸ್ವಲ್ಪ ಮುರಿದರೆ ಸಾಕು.

ಅಂದಹಾಗೆ, ಆ ಹುಡುಗಿ ಪಿಯುಸಿ ಮುಗಿಸಿ, ಬಿ.ಎಸ್ಸಿ., ಬಿ.ಎಡ್. ಮಾಡಿ ಈಗ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿಯಾಗಿದ್ದಾಳೆ. ಅಪಕರ್ಷಣದ ಪಾಠವನ್ನು ಅವಳು ನೋಟು ಮುರಿಸುವ ಮಾತಿನಿಂದಲೇ ಶುರು ಮಾಡುತ್ತಾಳಂತೆ.

ಐವತ್ತು ವರ್ಷ ತುಂಬಿದ ನಮ್ಮ ಶಾಲೆಗೆ ಶುಭವಾಗಲಿ. ಊರೂರು ಚದುರಿ ಹೋಗಿರುವ ಹಳೆಯ ವಿದ್ಯಾರ್ಥಿಗಳನ್ನು ಈ ಹಬ್ಬ ಮರಳಿ ಇದೇ ಅಂಗಳಕ್ಕೆ ಕರೆತರಲಿ. ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಎಂದೂ ಇಳಿಯದಿರಲಿ ಎಂದು ಹಾರೈಸುತ್ತೇನೆ.